ಸೂಜಿಗೆ ಬಾರದವರ ಪಟ್ಟಿ

ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕುವ ಫ್ಲುಫೆನಜಿನ್ ಸೂಜಿ ತಪ್ಪಿದರೆ ಮಾರನೇ ದಿನ ಏನೂ ಆಗುವುದಿಲ್ಲ. ಅದು ಎಳ್ಳೆಣ್ಣೆಯಲ್ಲಿ ಬೆರೆಸಿದ ಔಷಧ, ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ನಿದ್ದೆ ಕೆಟ್ಟು, ತಮ್ಮಷ್ಟಕ್ಕೆ ತಾವೇ ಮಾತಾಡಲು ಶುರು ಮಾಡುವಷ್ಟರಲ್ಲಿ ವಾರಗಳೋ ತಿಂಗಳುಗಳೋ ಕಳೆದಿರುತ್ತವೆ. ಆಗ ಮನೆಯವರು ಗಾಳಿ ಸೋಕಿತು ಅನ್ನುತ್ತಾರೆ. ತಪ್ಪಿದ ಸೂಜಿ ಯಾರಿಗೂ ನೆನಪಿರುವುದಿಲ್ಲ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನರ್ಸ್. ವಾರ್ಡಿಗೆ ಅದೇ ಮುಖಗಳು ಮತ್ತೆ ಮತ್ತೆ ಬರುತ್ತಿದ್ದವು. ಇವರಿಗೆ ಎಷ್ಟು ಹೇಳಿದರೂ ಅಷ್ಟೇ ಅಂದುಬಿಡುವುದು ಸುಲಭ. ನಮ್ಮ ಡಾಕ್ಟರ್ ಒಂದು ದಿನ, "ಸಿಸ್ಟರ್, ಇವತ್ತು ಯಾರು ಬರಬೇಕಿತ್ತು, ಯಾರು ಬಂದಿಲ್ಲ?" ಎಂದರು. ರಿಜಿಸ್ಟರಿನಲ್ಲಿ ಇದ್ದದ್ದು ಬಂದವರ ಹೆಸರು ಮಾತ್ರ!

ಆಮೇಲೆ ಸೂಜಿ ಹಾಕಿದ ಕೂಡಲೇ ಮುಂದಿನ ತಾರೀಖಿನ ಪುಟದಲ್ಲೂ ಹೆಸರು ಬರೆಯತೊಡಗಿದೆವು. ಸಂಜೆಗೆ ಟಿಕ್ ಬೀಳದೆ ಉಳಿದ ಹೆಸರುಗಳೇ ಪಟ್ಟಿ. ಮೊದಲು ಚಳ್ಳಕೆರೆ ಕಡೆಯವರಿಗಷ್ಟೇ ಫೋನ್ ಮಾಡಿದೆವು. ಇಡೀ ಜಿಲ್ಲೆಗೆ ಒಟ್ಟಿಗೇ ಹೊರಟಿದ್ದರೆ ನಾಲ್ಕು ದಿನಕ್ಕೆ ನಿಂತುಹೋಗುತ್ತಿತ್ತು. "ಯಾಕೆ ಬರಲಿಲ್ಲ?" ಅಂತ ಕೇಳುವುದಿಲ್ಲ, ಬೈದ ಹಾಗಾಗುತ್ತದೆ. "ಯಾವತ್ತು ಅನುಕೂಲ?" ಅಂತ ಕೇಳುತ್ತೇವೆ. ಎಷ್ಟೋ ಸಲ ಫೋನ್ ಎತ್ತುವವರು ಪಕ್ಕದ ಮನೆಯವರು. ಯಾವ ವಿಭಾಗ ಅಂತ ಅವರಿಗೆ ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ರೋಗಿಯ ವಿಷಯ ಗೋಪ್ಯ ಎಂದೇ ಹೇಳುತ್ತದೆ.

ಶೇಂಗಾ ಬಿತ್ತನೆ, ನಾಯಕನಹಟ್ಟಿ ಜಾತ್ರೆ, ಬಸ್ ಚಾರ್ಜ್ ಇವೆಲ್ಲ ನಾವು ಊಹಿಸಿದ್ದ ಕಾರಣಗಳೇ. ಶಕ್ತಿ ಯೋಜನೆಯಿಂದ 2023ರಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಯಿತು, ಸರಿ. ನಮ್ಮ ಕಡೆ ಎಷ್ಟೋ ಹಳ್ಳಿಗೆ ಹೋಗುವುದು ಪ್ರೈವೇಟ್ ಬಸ್ಸೇ ಅಲ್ವಾ? ದೂರದವರನ್ನು ಅವರವರ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಹಾಕಿಸಿದೆವು.

ಊಹಿಸದೇ ಇದ್ದ ಕಾರಣ ಬೇರೆ ಇತ್ತು. "ಸೂಜಿ ಹಾಕಿಸಿಕೊಂಡರೆ ಮೈ ಬಿಗಿಯುತ್ತೆ, ಕೈ ನಡುಗುತ್ತೆ. ಹೊಲದಲ್ಲಿ ಕುಂಟೆ ಹಿಡಿಯೋಕಾಗಲ್ಲ ಸಿಸ್ಟರ್" ಎಂದ ಒಬ್ಬ ಹುಡುಗ. ಅವನ ಅಣ್ಣ ಪಕ್ಕದಲ್ಲಿ ಇರುವಷ್ಟು ದಿನ ಇದನ್ನು ಹೇಳಿರಲೇ ಇಲ್ಲ. ಈಗ ಸೂಜಿಗೆ ಮೊದಲು ರೋಗಿಯನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸುತ್ತೇವೆ. ಕೈ ಚಾಚಲು ಹೇಳಿ ನಡುಕ ನೋಡುತ್ತೇವೆ, ಮೊಣಕೈ ಮಡಿಚಿ ಬಿಗಿತ ನೋಡುತ್ತೇವೆ. ಇದ್ದರೆ ಡಾಕ್ಟರ್ ಡೋಸ್ ಇಳಿಸುತ್ತಾರೆ, ಇಲ್ಲವೇ ಆ ನಡುಕ, ಬಿಗಿತ ಇಳಿಸುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಬರೆಯುತ್ತಾರೆ. ನನ್ನ ಕೇಳಿದರೆ, ಫೋನಿಗಿಂತ ಜಾಸ್ತಿ ಕೆಲಸ ಮಾಡಿದ್ದು ಇದು.

ನರ್ಸ್ ರೂಮಿನ ಗೋಡೆ ಮೇಲೆ ಒಂದು ಗ್ರಾಫ್ ಹಾಳೆ ಇದೆ. ಬರಬೇಕಾದ ನೂರಕ್ಕೆ ಎಷ್ಟು ಮಂದಿ ಬಂದಿಲ್ಲ ಅಂತ ವಾರಕ್ಕೊಂದು ಚುಕ್ಕಿ. ಗೆರೆ ಇಳಿದಿದೆ, ಆದರೆ ಬಿತ್ತನೆ ಹೊತ್ತಿಗೆ ಮತ್ತೆ ಏರುತ್ತದೆ. ಹಾಗಾಗಿ ಈ ಸಲ ಮುಂಗಾರಿಗೆ ಮೊದಲೇ ಡಾಕ್ಟರ್ ಜೊತೆ ಕೂತು ತಾರೀಖುಗಳನ್ನು ಹಿಂದೆ ಮುಂದೆ ಮಾಡಿಕೊಂಡಿದ್ದೇವೆ. ಮೊಳಕಾಲ್ಮೂರು ಕಡೆಯ ಪಟ್ಟಿ ಇನ್ನೂ ಶುರುವಾಗಿಲ್ಲ. ಅದಕ್ಕೆ ಫೋನ್ ಮಾಡಲು ಇನ್ನೊಬ್ಬರು ಬೇಕು.