ತಲಕಾಡಿನ ಮರಳಲ್ಲಿ ಒಂದು ಸುತ್ತು

ಹೊಳೆದಂಡೆಯ ಕ್ಯಾಂಪಿನಿಂದ ಹೊರಟು ಮರಳುದಿಬ್ಬ, ಸರ್ವೆ ತೋಪು, ದೇವಸ್ಥಾನಗಳು, ಊರಬೀದಿ ಮುಗಿಸಿ ವಾಪಸ್ ಬಂದರೆ ಹೆಚ್ಚುಕಡಿಮೆ 5 ಕಿ.ಮೀ. ಡಾಂಬರು ರಸ್ತೆಯಲ್ಲಾದರೆ ಒಂದೂಕಾಲು ಗಂಟೆಯ ದಾರಿ. ಇಲ್ಲಿ ನಾನು ಊರು ಸೇರುವುದಕ್ಕೇ ಮೂರೂವರೆ ಗಂಟೆ ಇಟ್ಟುಕೊಳ್ಳುತ್ತೇನೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಆಗಲೂ ಬಿಸಿಲೇರಿದ ಮೇಲೆ ಮರಳು ಕಾಯುತ್ತದೆ, ದೇವಸ್ಥಾನ ಅಂದಮೇಲೆ ಚಪ್ಪಲಿ ಬಿಡಲೇಬೇಕು. ಅದಕ್ಕೇ ಬೆಳಿಗ್ಗೆ ಆರೂವರೆಗೆ ಮರಳಿನಿಂದ ಶುರುಮಾಡಿ, ಒಂಬತ್ತರ ಹೊತ್ತಿಗೆ ದೇವಸ್ಥಾನ, ಹತ್ತಕ್ಕೆ ಊರು ಸೇರುವ ಹಾಗೆ ಹೋಗುವುದು. ಬಾಗಿಲು ತೆಗೆಯುವ ಹೊತ್ತನ್ನು ಹಿಂದಿನ ಸಂಜೆಯೇ ಊರಲ್ಲಿ ಕೇಳಿಟ್ಟುಕೊಳ್ಳಿ.

ಮೊದಲು ಟೆಂಟಿನ ಮಾತು. ಅಂಗಡಿಯವರು ಕೊಡುವ ಸಣ್ಣ ಕಬ್ಬಿಣದ ಗೂಟ ಮರಳಲ್ಲಿ ನಿಲ್ಲುವುದಿಲ್ಲ. ರಾತ್ರಿ ಗಾಳಿ ಎದ್ದರೆ ಒಂದೊಂದೇ ಕಿತ್ತುಬರುತ್ತವೆ. ಐದು ಕಿಲೋ ಅಕ್ಕಿ ಹಿಡಿಸುವ ಖಾಲಿ ಚೀಲಗಳಿಗೆ ಮರಳು ತುಂಬಿ, ಹಗ್ಗವನ್ನು ಚೀಲದ ಸೊಂಟಕ್ಕೆ ಸುತ್ತಿ ಕಟ್ಟಿ, ಒಂದೂವರೆ ಅಡಿ ಆಳಕ್ಕೆ ಅಡ್ಡಡ್ಡ ಹೂಳಬೇಕು. ಮೇಲೆ ಮರಳೆಳೆದು ಕಾಲಲ್ಲಿ ತುಳಿದು, ಸ್ವಲ್ಪ ನೀರು ಚಿಮುಕಿಸಿದರೆ ಬಿಗಿಯಾಗುತ್ತದೆ. ದೇವಸ್ಥಾನಗಳ ಸುತ್ತಲಿನ ದಿಬ್ಬದ ಮೇಲೆ ಟೆಂಟ್ ಬೇಡವೇ ಬೇಡ. ಕೆಳಗೆ ಇನ್ನೂ ಗುಡಿಗಳು ಹೂತಿರುವ ನೆಲ ಅದು.

ಮರಳಲ್ಲಿ ಕಾಲಿಡುವ ಮುಂಚೆ ಗಾಳಿಯ ದಿಕ್ಕು ಗೊತ್ತಿರಬೇಕು. ಮುಂಗಾರಿನ ನೈಋತ್ಯ ಗಾಳಿ ಕಾವೇರಿಯ ಒಣಗಿದ ಪಾತ್ರದಿಂದ ಮರಳನ್ನು ಊರ ಕಡೆ ತೂರುತ್ತಾ ಬಂದಿದೆ. ಹಾಗಾಗಿ ಹೊಳೆಯ ಕಡೆಯ ಇಳಿಜಾರಿನ ಓರೆ ಕಡಿಮೆ, ಗಾಳಿ ಬಡಿದು ಗಟ್ಟಿಯಾಗಿರುತ್ತದೆ. ಆ ಕಡೆಯಿಂದಲೇ ಹತ್ತಿ. ಆಚೆ ಮಗ್ಗುಲು ಕಡಿದು, ಒಣ ಮರಳು ನಿಲ್ಲುವ ಗರಿಷ್ಠ ಓರೆ, ಸುಮಾರು 34 ಡಿಗ್ರಿ. ಅಲ್ಲಿ ಹತ್ತಲು ಹೋದರೆ ಎರಡು ಹೆಜ್ಜೆಗೆ ಒಂದು ಹೆಜ್ಜೆ ಜಾರುತ್ತೀರಿ, ಮೀನಖಂಡ ಹಿಡಿದುಕೊಳ್ಳುತ್ತದೆ. ಅದು ಇಳಿಯುವುದಕ್ಕೆ ಮಾತ್ರ. ಹಿಮ್ಮಡಿ ಒತ್ತಿ ಇಳಿಯಿರಿ. ಹೆಜ್ಜೆ ಗಿಡ್ಡವಿರಲಿ, ಪಾದ ಪೂರ್ತಿ ಊರಲಿ.

ಮರಳು ಹಾರದಂತೆ ನೆಟ್ಟ ಸರ್ವೆ, ನೀಲಗಿರಿಗಳ ತೋಪು ಬಂದಾಗ ಕಾಲಿಗೆ ಹಾಯೆನಿಸುತ್ತದೆ. ಉದುರಿದ ಸರ್ವೆ ಎಲೆ ಹಾಸಿಕೊಂಡಿರುವ ಕಡೆ ಪಾದ ಹೂಳುವುದಿಲ್ಲ. ಆದರೆ ಆ ಹಾಸಿನೊಳಗೆ ಗೋಲಿಯಷ್ಟು ಗಾತ್ರದ ಗಟ್ಟಿ ಕಾಯಿ, ಬಯಲಲ್ಲಿ ನೆಗ್ಗಿಲು ಮುಳ್ಳು, ಎರಡೂ ಇರುತ್ತವೆ. ಚಪ್ಪಲಿ ಬಿಡುವುದು ದೇವಸ್ಥಾನದ ಮುಂದೆಯೇ, ಅದಕ್ಕಿಂತ ಮೊದಲಲ್ಲ. ಹಿಮ್ಮಡಿ ಪಟ್ಟಿಯಿರುವ ಸ್ಯಾಂಡಲ್ ಶೂಗಿಂತ ಒಳ್ಳೆಯದು. ಶೂ ಆದರೆ ಮರಳು ತುಂಬಿ ಬೊಬ್ಬೆ ಬರುತ್ತದೆ.

ಪಾತಾಳೇಶ್ವರ, ಮರುಳೇಶ್ವರ ಗುಡಿಗಳಿಗೆ ಮೆಟ್ಟಿಲಿಳಿದು ಹೋಗಬೇಕು. ನೀವು ಇಷ್ಟು ಹೊತ್ತು ನಡೆದದ್ದು ಹಳೆಯ ಊರಿನ ನೆತ್ತಿಯ ಮೇಲೆ ಅಂತ ಅಲ್ಲಿ ನಿಂತಾಗ ಅರಿವಾಗುತ್ತದೆ. ಚೋಳರನ್ನು ಗೆದ್ದ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣನಿಗೆ ಅರ್ಧ ಗಂಟೆಯಾದರೂ ಕೊಡಿ, ಕೊನೆಗೆ ವೈದ್ಯೇಶ್ವರ. ಪಂಚಲಿಂಗಗಳಲ್ಲಿ ಉಳಿದ ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಈ ಸುತ್ತಿನಲ್ಲಿ ಸಿಗುವುದಿಲ್ಲ. ಅವಕ್ಕೆ ಮಧ್ಯಾಹ್ನ ಗಾಡಿ ಹಿಡಿಯಿರಿ. ಹಲವು ವರ್ಷಗಳಿಗೊಮ್ಮೆ ಬರುವ ಪಂಚಲಿಂಗ ದರ್ಶನದ ಹೊತ್ತಿನಲ್ಲಿ ಮಾತ್ರ ಈ ನಡಿಗೆಯ ಆಸೆ ಬಿಡಿ, ಜನಜಂಗುಳಿಯಲ್ಲಿ ದಿಬ್ಬ ಕಾಣುವುದಿಲ್ಲ.

ನೀರು ತಲೆಗೆ ಎರಡು ಲೀಟರ್. ಮರಳಿನ ದಾರಿಯಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಊರಲ್ಲಿ ತಿಂಡಿ ಮುಗಿಸಿ ದಂಡೆಗುಂಟ ವಾಪಸ್ ಬರುವಾಗ ನೀರಿನಂಚಿನ ಒದ್ದೆ ಮರಳಲ್ಲೇ ನಡೆದರೆ ಸಲೀಸು.

ನೀರಿಗೆ ಇಳಿಯುವ ವಿಚಾರ ಮಾತ್ರ ಗಂಭೀರ. ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ’ ಅನ್ನುವ ಅಲಮೇಲಮ್ಮನ ಶಾಪ ಎಲ್ಲರಿಗೂ ಬಾಯಿಪಾಠ. ಹೊಳೆ ತಿರುಗುವ ಕಡೆ ಒಳಬಾಗಿನಲ್ಲಿ ನೀರು ನಿಧಾನವಾಗಿ ಮರಳು ಬಿಡುತ್ತದೆ, ಅದು ತಲಕಾಡು. ಹೊರಬಾಗಿನಲ್ಲಿ ರಭಸಕ್ಕೆ ದಂಡೆ ಕೊರೆದು ಆಳವಾಗುತ್ತದೆ, ಅದು ಆಚೆ ದಂಡೆಯ ಮಾಲಂಗಿ. ಮೊಣಕಾಲು ನೀರಿದೆಯೆಂದು ಆಚೆ ದಂಡೆಯತ್ತ ಸರಿಯುತ್ತಾ ಹೋದರೆ ಕಾಲಡಿಯ ನೆಲ ಇದ್ದಕ್ಕಿದ್ದಂತೆ ತಪ್ಪುತ್ತದೆ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟ ದಿನ ಇಳಿಯಲೇಬಾರದು. ನೀರು ಕೆಂಪಗೆ ಕದಡಿದ್ದರೆ, ಕಸಕಡ್ಡಿ ತೇಲಿಬರುತ್ತಿದ್ದರೆ, ದಂಡೆಯಿಂದ ಹಿಂದೆ ಸರಿದು ಮೇಲಿನ ದಾರಿ ಹಿಡಿಯಿರಿ. ಟೆಂಟನ್ನೂ ಹಾಗೇ, ನೀರಿನ ಹಳೆಯ ಗೆರೆಗಿಂತ ಮೇಲೆಯೇ ಹಾಕಬೇಕು.