ಬಿದ್ದವರ ಹೊಟ್ಟೆಗೆ ಮತ್ತೆ ಮತ್ತೆ ಪ್ರೋಬ್ ಇಟ್ಟ ನನ್ನ ಅನುಭವ

ಅಡಿಕೆ ಮರದಿಂದ ಬಿದ್ದವರು, ಬೈಕಿನ ಹ್ಯಾಂಡಲ್ ಹೊಟ್ಟೆಗೆ ತಿವಿದವರು ಮಲೆನಾಡಿನ ನಮ್ಮ ಸಣ್ಣ ಆಸ್ಪತ್ರೆಗೇ ಮೊದಲು ಬರುತ್ತಾರೆ. ಹತ್ತಿರದ ಸಿಟಿ ಸ್ಕ್ಯಾನ್ ಎಂದರೆ ಎರಡು ತಾಸಿನ ದಾರಿಯ ಶಿವಮೊಗ್ಗ. ಸರ್ಜನ್ನೇ ಅಲ್ಟ್ರಾಸೌಂಡಿನ ಪ್ರೋಬ್ ಹಿಡಿದು ಫಾಸ್ಟ್, ಅಂದರೆ ಹೊಟ್ಟೆಯೊಳಗೆ ರಕ್ತ ಸೇರಿದೆಯೇ ಎಂದು ಬೇಗ ನೋಡುವ ಪರೀಕ್ಷೆ, ಮಾಡಿದರೆ ನಂಬುವುದು ಹೇಗೆ ಎಂದು ರೇಡಿಯಾಲಜಿಸ್ಟ್ ಗೆಳೆಯರು ಬಹುಕಾಲ ಅನುಮಾನಿಸಿದರು. ಹಳೆಯ ಪೋರ್ಟಬಲ್ ಅಲ್ಟ್ರಾಸೌಂಡ್ ಯಂತ್ರಕ್ಕೆ ಸುಮಾರು 4 ಲಕ್ಷ ರೂಪಾಯಿ ಹಿಡಿಯಿತು. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ನೋಂದಣಿ ಮುಗಿಯುವವರೆಗೆ ಅದನ್ನು ಮುಟ್ಟುವಂತೆಯೂ ಇರಲಿಲ್ಲ.

ಈ ಪರೀಕ್ಷೆ ಕೈಕೊಡುತ್ತಿದ್ದುದು ಒಂದೇ ಸಲ ನೋಡಿ ನಿಲ್ಲಿಸಿದಾಗ. ಯಕೃತ್ತಿನ ಕೆಳಗೆ ರಕ್ತ ಕಾಣಿಸಬೇಕಾದರೆ ಹೊಟ್ಟೆಯಲ್ಲಿ ಹೆಚ್ಚುಕಡಿಮೆ 200 ಮಿಲಿ ಸೇರಿರಬೇಕು. ಮರದಿಂದ ಬಿದ್ದ ಒಬ್ಬ ಯುವಕನ ಮೊದಲ ಸ್ಕ್ಯಾನ್ ಶುಭ್ರವಾಗಿತ್ತು. ಗಂಟೆಯ ನಂತರ ಗುಲ್ಮಕ್ಕೂ (ಸ್ಪ್ಲೀನ್) ಮೂತ್ರಪಿಂಡಕ್ಕೂ ನಡುವೆ ರಕ್ತದ ನೂಲಿನಷ್ಟು ಕಪ್ಪು ಗೆರೆ ಮೂಡಿತು, ಇನ್ನರ್ಧ ಗಂಟೆಗೆ ಅದು ಬೆರಳಗಲವಾಯಿತು. ರಕ್ತದೊತ್ತಡ ಕುಸಿಯುವ ಮೊದಲೇ ಆಪರೇಷನ್ ಥಿಯೇಟರಿಗೆ ಒಯ್ದೆವು, ಆತ ನಡೆದುಕೊಂಡೇ ಮನೆಗೆ ಹೋದ. ಉಬ್ಬಿದ ಹೊಟ್ಟೆಯಲ್ಲಿ ಗುಲ್ಮ ಸಿಗುವಂತೆ ರೋಗಿಯ ತೋಳು ಮತ್ತು ಉಸಿರನ್ನು ಹೊಂದಿಸುವ ಕ್ರಮವೊಂದು ನನ್ನದಿದೆ. ಅದನ್ನು ಜೊತೆಗೆ ನಿಂತು ಕಲಿಯುವವರಿಗಷ್ಟೇ ತೋರಿಸುತ್ತೇನೆ.

ಚರ್ಮದಡಿ ಗಾಳಿ ತುಂಬಿದ್ದರೆ ಪರದೆಯಲ್ಲಿ ಬರೀ ಮಂಜು. ಬೆನ್ನಿನ ಕಡೆಯ ರಕ್ತಸ್ರಾವವನ್ನೂ ಕರುಳಿನ ತೂತನ್ನೂ ಫಾಸ್ಟ್ ನೆಚ್ಚುವಂತೆ ಹೇಳುವುದಿಲ್ಲ. ನಾಡಿ, ರಕ್ತದೊತ್ತಡ ಸ್ಥಿರವಾಗಿದ್ದರೆ ಅಂಥ ಸಂದೇಹವಿರುವವರನ್ನು ತಡಮಾಡದೆ ಸಿಟಿ ಸ್ಕ್ಯಾನಿಗೆ ಕಳುಹಿಸುತ್ತೇನೆ. ಆಂಬ್ಯುಲೆನ್ಸ್ ಸೇರಿ ಮನೆಯವರಿಗೆ ಹತ್ತು ಸಾವಿರದ ಆಸುಪಾಸು ಖರ್ಚಾದರೂ ಅಲ್ಲಿ ಉಳಿತಾಯ ನೋಡಬಾರದು.

ಬಿಡುವಿನಲ್ಲಿ ಚರ್ಮದ ಹತ್ತಿರದ್ದನ್ನು ನೋಡುವ ಲೀನಿಯರ್ ಪ್ರೋಬನ್ನು ಪಾದಕ್ಕೆ ಚುಚ್ಚಿಕೊಂಡ ಬಿದಿರಿನ ಸಿಬಿರಿಗೂ ಪ್ರಯೋಗಿಸಿದೆ. ಎಕ್ಸ್‌ರೇಗೆ ಸಾಮಾನ್ಯವಾಗಿ ಕಾಣದ ಮರದ ಚೂರು, ಪಾದವನ್ನು ನೀರಿನ ಬೇಸಿನ್ನಿನಲ್ಲಿ ಮುಳುಗಿಸಿ ಪ್ರೋಬನ್ನು ಚರ್ಮಕ್ಕೆ ತಾಗಿಸದೆ ನೀರಿನಲ್ಲೇ ಹಿಡಿದಾಗ, ಹಿಂದೆ ನೆರಳು ಬಿಟ್ಟುಕೊಂಡು ಬಿಳಿ ಗೆರೆಯಾಗಿ ಕಾಣಿಸಿತು.

ಶಸ್ತ್ರಚಿಕಿತ್ಸೆಯ ನಂತರವೂ ಹೀಗೆಯೇ ಮತ್ತೆ ಮತ್ತೆ ಪ್ರೋಬ್ ಇಟ್ಟು ನೋಡುತ್ತೇನೆ. ಪಿತ್ತಕೋಶ ತೆಗೆದ ಜಾಗದಲ್ಲಿ ಸ್ವಲ್ಪ ದ್ರವ ನಿಲ್ಲುವುದು ಸಹಜವಾದ್ದರಿಂದ, ಮರುದಿನ ಬೆಳಿಗ್ಗೆಯೇ ಅಳೆದು ಕೇಸ್‌ಶೀಟಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಮೂರನೆಯ ದಿನ ಜ್ವರ, ಭುಜನೋವು ಬಂದು ಅಳತೆಯೂ ಹೆಚ್ಚಿದ್ದರೆ ಸೂಜಿ ಹಾಕುತ್ತೇನೆ. ಪಿತ್ತರಸ ಬಂದರೆ ಅದನ್ನು ಹೊರಹರಿಸುವ ತೆಳು ಕೊಳವೆ ಪಿಗ್‌ಟೇಲ್ ಇಟ್ಟು, ಇಆರ್‌ಸಿಪಿ (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಇರುವಲ್ಲಿಗೆ ಕಳುಹಿಸುತ್ತೇನೆ. ಕರುಳಿನ ಜೋಡಣೆ ಸೋರುವ ಸಂದೇಹವಿದ್ದರೆ ಮಾತ್ರ, ಗಾಳಿಯ ನಡುವೆ ಪ್ರೋಬ್ ಆಡಿಸುತ್ತ ಕೂರದೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿ ಅದೇ ದಿನ ಕಾಂಟ್ರಾಸ್ಟ್ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸುತ್ತೇನೆ.