ಮೆಷಿನ್ ಕೇಳುವ ಮೊದಲು ಪ್ಲಗ್ ಪಾಯಿಂಟ್ ನೋಡಿ

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಕಾಲೇಜಿಗೆ ಕೇಂದ್ರದ ಅನುದಾನದಲ್ಲಿ ದೊಡ್ಡದೊಂದು ಉಪಕರಣ ಬಂತು. ಕಾಲೇಜಿನ ಹೆಸರು ಬೇಡ, ಅರ್ಜಿ ಬರೆದ ತಂಡದಲ್ಲಿ ನಾನೂ ಇದ್ದೆ. ಲಾರಿಯಿಂದ ಪೆಟ್ಟಿಗೆ ಇಳಿಯಿತು, ಎಲ್ಲರೂ ಫೋಟೋ ತೆಗೆಸಿಕೊಂಡೆವು. ಆಮೇಲೆ ಕಂಪನಿಯ ಇಂಜಿನಿಯರ್ ಬಂದು ಗೋಡೆ ನೋಡಿ ಕೇಳಿದ, "ತ್ರೀ ಫೇಸ್ ಲೈನ್ ಎಲ್ಲಿದೆ ಸಾರ್?" ಇರಲಿಲ್ಲ. ಒಂದಿಡೀ ಮಳೆಗಾಲ ಆ ಪೆಟ್ಟಿಗೆ ಟಾರ್ಪಾಲು ಹೊದ್ದುಕೊಂಡು ಕಾರಿಡಾರಿನಲ್ಲಿ ಕೂತಿತ್ತು, ಥೇಟ್ ರೇಟಿಗೆ ಕಾಯುವ ಅಡಿಕೆ ಮೂಟೆ ಥರ. ವಾರಂಟಿ ಮಾತ್ರ ಪೆಟ್ಟಿಗೆ ಬಂದ ದಿನದಿಂದಲೇ ಓಡುತ್ತಿತ್ತು.

ಅದಕ್ಕೇ ಈಗ ಯಾರಾದರೂ "ಲ್ಯಾಬ್‌ಗೆ ಗ್ರಾಂಟ್ ಬೇಕು, ಯಾವ ಸ್ಕೀಮ್‌ಗೆ ಹಾಕೋಣ" ಅಂದರೆ ನನ್ನ ಮೊದಲ ಪ್ರಶ್ನೆ, ಮೆಷಿನ್ ಎಲ್ಲಿ ಇಡ್ತೀರಿ ಅಂತ. ಅರ್ಜಿ ತೆರೆಯುವ ಮೊದಲು ಎಲೆಕ್ಟ್ರಿಷಿಯನ್‌ನ ಕರೆದುಕೊಂಡು ಆ ಕೋಣೆಗೆ ಹೋಗಿ. ಲೋಡ್ ಎಷ್ಟು, ತ್ರೀ ಫೇಸ್ ಇದೆಯಾ, ಮೆಸ್ಕಾಂನಿಂದ ಹೆಚ್ಚುವರಿ ಲೋಡ್ ಮಂಜೂರು ಮಾಡಿಸಬೇಕಾ ಅಂತ ಬರೆದುಕೊಳ್ಳಿ. ಅರ್ಥಿಂಗ್ ಅಳತೆ ಮಾಡಿಸಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಕೈಕೊಡುತ್ತದೆ, ಏಪ್ರಿಲ್-ಮೇ ಸಿಡಿಲು ಬರುವುದೂ ಸರಿಯಾಗಿ ಆಗಲೇ. ಇನ್ನು ತೇವ. ಜುಲೈನಲ್ಲಿ ನಿಮ್ಮ ಹಳೇ ಮೈಕ್ರೋಸ್ಕೋಪಿನ ಲೆನ್ಸ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಜೇಡರ ಬಲೆ ಹಾಗೆ ಬೂಷ್ಟು ಹಬ್ಬಿರುತ್ತದೆ. ಡಿಹ್ಯೂಮಿಡಿಫೈಯರ್, ಎಸಿ, ಯುಪಿಎಸ್, ಸರ್ಜ್ ಪ್ರೊಟೆಕ್ಟರ್, ಇವನ್ನೆಲ್ಲ "ಆಮೇಲೆ ಕಾಲೇಜು ಕೊಡುತ್ತೆ" ಅಂದುಕೊಂಡರೆ ಕೆಟ್ಟಿರಿ. ಸ್ಕೀಮಿನ ನಿಯಮ ಒಪ್ಪಿದರೆ ಬಜೆಟ್ಟಿನಲ್ಲೇ ಹಾಕಿ. ಒಪ್ಪದಿದ್ದರೆ ಮ್ಯಾನೇಜ್‌ಮೆಂಟ್ ಕೈಯಲ್ಲಿ ಮೊತ್ತ ನಮೂದಿಸಿ ಪತ್ರ ಬರೆಸಿಕೊಳ್ಳಿ. ಬಾಯಿಮಾತು ಲೆಕ್ಕಕ್ಕಿಲ್ಲ.

ಸರಿ, ದುಡ್ಡು ಯಾರ ಹತ್ತಿರ ಇದೆ? ಪಿಜಿ ವಿಭಾಗ ಇದ್ದರೆ ಮೊದಲು ನೋಡಬೇಕಾದ್ದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಅಂದರೆ ಡಿಎಸ್‌ಟಿ, ಲ್ಯಾಬ್ ಸೌಕರ್ಯಕ್ಕೆ ಅಂತ ಕೊಡುವ ಫಿಸ್ಟ್ ಅನುದಾನ. 2000-01ರಿಂದ ನಡೆಯುತ್ತಿದೆ. ಇದು ಒಬ್ಬ ಮೇಷ್ಟ್ರಿಗೆ ಸಿಗುವ ದುಡ್ಡಲ್ಲ, ಇಡೀ ವಿಭಾಗಕ್ಕೆ ಸಿಗುವುದು, ಹಾಗಾಗಿ ವಿಭಾಗದಲ್ಲಿ ಮಾತು ಬಿಟ್ಟವರು ಯಾರಾದರೂ ಇದ್ದರೆ ಮೊದಲು ರಾಜಿ ಮಾಡಿಕೊಳ್ಳಿ, ಎಲ್ಲರ ಬಯೋಡಾಟಾ ಮತ್ತು ಪೇಪರ್ ಪಟ್ಟಿ ಬೇಕಾಗುತ್ತದೆ. ಬರೀ ಡಿಗ್ರಿ ಕಾಲೇಜಾದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಸ್ಟಾರ್ ಕಾಲೇಜ್ ಯೋಜನೆ ಇದೆ. ರಾಜ್ಯದ್ದು ಬೇಕೆಂದರೆ ಕರ್ನಾಟಕದ ವಿಜ್ಞಾನ ತಂತ್ರಜ್ಞಾನ ವಿಷನ್ ಗ್ರೂಪ್ (ವಿಜಿಎಸ್‌ಟಿ) ಕೊಡುವ ಕೆ-ಫಿಸ್ಟ್, ಸಣ್ಣ ಊರಿನ ಕಾಲೇಜು ಹೆಜ್ಜೆ ಇಡಲು ಅದು ಒಳ್ಳೇ ಜಾಗ ಅಂತ ನನ್ನ ಅಭಿಪ್ರಾಯ. ನಿಮ್ಮದೊಬ್ಬರದೇ ಪ್ರಾಜೆಕ್ಟ್ ಆದರೆ ಕೇಂದ್ರದ ಸಂಶೋಧನಾ ಪ್ರತಿಷ್ಠಾನ ಎಎನ್‌ಆರ್‌ಎಫ್‌ಗೆ ಹಾಕಿ, ಮೊದಲು ಇಂಥ ದುಡ್ಡು ಕೊಡುತ್ತಿದ್ದ ಸರ್ಬ್ ಮಂಡಳಿ ಈಗ ಅದರೊಳಗೆ ಸೇರಿದೆ, 2023ರ ಕಾಯ್ದೆ ಪ್ರಕಾರ. ಇವ್ಯಾವುವೂ ವರ್ಷವಿಡೀ ತೆರೆದಿರುವುದಿಲ್ಲ, ಅರ್ಜಿ ಕರೆದಾಗ ಕೆಲವೇ ವಾರ ಸಮಯ ಸಿಗುತ್ತದೆ. ಹಾಗಾಗಿ ಫೈಲ್ ಮೊದಲೇ ಸಿದ್ಧವಿರಲಿ.

ಇಲ್ಲಿ ಅರ್ಧಕ್ಕರ್ಧ ಜನ ಎಡವುವುದು "ಯಾಕೆ ಬೇಕು" ಅನ್ನುವ ಕಾಲಂನಲ್ಲಿ. "ನಮ್ಮ ವಿಭಾಗವನ್ನು ವಿಶ್ವದರ್ಜೆಗೆ ಏರಿಸಲು" ಅಂತ ಬರೆದರೆ ಓದುವವರು ಆಕಳಿಸುತ್ತಾರೆ. ನಿಜ ಏನು? ಪಿಎಚ್‌ಡಿ ಹುಡುಗಿ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಸ್ಯಾಂಪಲ್ ಇಟ್ಟು, ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುತ್ತಾಳೆ. ತಿಪಟೂರು ದಾಟುವಷ್ಟರಲ್ಲಿ ಐಸ್ ನೀರಾಗಿರುತ್ತದೆ. ಅದನ್ನೇ ಲೆಕ್ಕಕ್ಕೆ ಇಳಿಸಿ ಬರೆಯಿರಿ. ಕಳೆದ ಮೂರು ವರ್ಷ ಎಷ್ಟು ಸ್ಯಾಂಪಲ್ ಹೊರಗೆ ಕಳಿಸಿದಿರಿ, ಎಷ್ಟು ಫೀಸ್ ಕಟ್ಟಿದಿರಿ, ಎಷ್ಟು ಹಾಳಾದವು, ಎಷ್ಟು ದಿನ ಕಾದಿರಿ. ರಸೀದಿ ಇದ್ದರೆ ಇನ್ನೂ ಒಳ್ಳೇದು. ಹಾಗೇ ಊರಿನ ಪ್ರಶ್ನೆಯನ್ನೇ ಹಿಡಿಯಿರಿ. ಅಡಿಕೆ ಕೊಳೆರೋಗ ನಮ್ಮ ತೋಟದಲ್ಲೇ ಇದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸುಮ್ನೆ ಎಲ್ಲರೂ ಮಾಡುವ ನ್ಯಾನೋ ಪಾರ್ಟಿಕಲ್ ಅನ್ನೇ ನಾವೂ ಬರೆಯಬೇಕಾ? ಆದರೆ ಒಂದು ಎಚ್ಚರಿಕೆ, ವೈರಸ್ ಅಂತ ಬರೆದಿರೋ, ಸೇಫ್ಟಿ ಲ್ಯಾಬ್ ಎಲ್ಲಿ ಅಂತ ಮರುಪ್ರಶ್ನೆ ಬರುತ್ತದೆ. ಕೈಗೆ ಎಟುಕುವಷ್ಟೇ ಕೇಳಿ.

ಕೇಳುತ್ತಿರುವ ಮೆಷಿನ್ ಪಕ್ಕದ ಸಂಸ್ಥೆಯಲ್ಲೇ ಇದ್ದರೆ ಅರ್ಜಿ ನೋಡುವ ತಜ್ಞರು ಆ ಪ್ರಶ್ನೆ ಎತ್ತುತ್ತಾರೆ. ಐ-ಸ್ಟೆಮ್ ಅಂತ ಒಂದು ರಾಷ್ಟ್ರೀಯ ಪೋರ್ಟಲ್ ಇದೆ, ಯಾವ ಉಪಕರಣ ಯಾವ ಸಂಸ್ಥೆಯಲ್ಲಿದೆ ಅಂತ ಅದರಲ್ಲಿ ಹುಡುಕಬಹುದು. ನೀವೇ ಮೊದಲು ಹುಡುಕಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಎರಡು ಕಡೆಯೂ ಫೋನ್ ಮಾಡಿ ವಿಚಾರಿಸಿ. ಅಲ್ಲಿ ಇದ್ದರೆ ನಿಮಗೆ ಬೇರೆ ಮೆಷಿನ್ ಬೇಕು, ಅಥವಾ ಅಲ್ಲಿದ್ದರೂ ಯಾಕೆ ಸಾಲದು ಅಂತ ಒಂದು ಪ್ಯಾರಾ ಬೇಕು. ನಿಮ್ಮ ಮೆಷಿನ್ ಅನ್ನು ಸುತ್ತಲಿನ ಕಾಲೇಜುಗಳಿಗೂ ಬಿಡ್ತೀವಿ ಅಂತ ಬರೆದರೆ ತೂಕ ಜಾಸ್ತಿ. ಬರೆದ ಮೇಲೆ ಬಿಡಬೇಕು, ಬೀರುವಿನಲ್ಲಿಟ್ಟು ಬೀಗ ಹಾಕುವುದಲ್ಲ.

ಬಜೆಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೂರು ಕಂಪನಿಯ ಕೊಟೇಶನ್ ತರಿಸಿ, ಮೂರರಲ್ಲೂ ಒಂದೇ ಸ್ಪೆಸಿಫಿಕೇಶನ್ ಇರಲಿ. ಸಂಶೋಧನಾ ಸಂಸ್ಥೆಗಳಿಗೆ ಮೊದಲು ಇದ್ದ 5% ಜಿಎಸ್‌ಟಿಯ ರಿಯಾಯಿತಿ ದರ 2022ರ ಜುಲೈನಲ್ಲಿ ಹೋಯಿತು, ಅಲ್ಲಿಂದಾಚೆ ಮಾಮೂಲಿ ದರವೇ ಲೆಕ್ಕ. ಹಳೇ ಪ್ರೊಪೋಸಲ್ ನೋಡಿ ನಕಲು ಮಾಡುವವರು ಇಲ್ಲೇ ಬೀಳುವುದು. ಡಾಲರ್ ದರ ಏರಿದರೆ ಅಂತ ಸ್ವಲ್ಪ ಜಾಗ ಬಿಡಿ. ವಾರಂಟಿ ಇನ್‌ಸ್ಟಾಲ್ ಆದ ದಿನದಿಂದ ಶುರು ಅಂತ ಕೊಟೇಶನ್ನಿನಲ್ಲೇ ಬರೆಸಿ, ಅದರ ನಂತರದ ವಾರ್ಷಿಕ ನಿರ್ವಹಣೆಯ ದುಡ್ಡು (ಎಎಂಸಿ) ಯಾರು ಕಟ್ಟುತ್ತಾರೆ ಅಂತಲೂ. ಕೆಮಿಕಲ್, ಗ್ಯಾಸ್ ಸಿಲಿಂಡರ್ ಖರ್ಚು ಬೇರೆ.

ಕಾಗದಪತ್ರಕ್ಕೆ ಒಂದು ಬಾಕ್ಸ್ ಫೈಲ್ ಮಾಡಿ. ಯುಜಿಸಿ ಮಾನ್ಯತೆಯ 2(ಎಫ್), 12(ಬಿ) ಪತ್ರ, ನ್ಯಾಕ್ ಸರ್ಟಿಫಿಕೇಟ್, ಖಾಸಗಿ ಟ್ರಸ್ಟ್ ಆದರೆ ಎನ್‌ಜಿಒ ಪೋರ್ಟಲ್‌ನ ದರ್ಪಣ್ ನಂಬರ್, ಮೂರು ವರ್ಷದ ಆಡಿಟ್ ವರದಿ. ಪ್ರಿನ್ಸಿಪಾಲರ ಎಂಡಾರ್ಸ್‌ಮೆಂಟ್ ಕೊನೇ ದಿನಕ್ಕೆ ಇಡಬೇಡಿ. ಅವರು ಆ ದಿನ ಖಂಡಿತ ಯಾವುದೋ ಮದುವೆಗೆ ತೀರ್ಥಹಳ್ಳಿಗೆ ಹೋಗಿರುತ್ತಾರೆ. ಪೋರ್ಟಲ್‌ಗೂ ಕೊನೇ ದಿನ ನಂಬಬೇಡಿ, ಮಳೆಗಾಲ ಆದರೆ ಎರಡು ದಿನ ಮೊದಲೇ ಅಪ್‌ಲೋಡ್ ಮಾಡಿ. ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ, ಅಲ್ವಾ?

ಪ್ರೆಸೆಂಟೇಶನ್‌ಗೆ ಕರೆದರೆ ಸ್ಲೈಡ್ ಕಡಿಮೆ ಇರಲಿ. ಕೋಣೆಯ ಫೋಟೋ, ಎಲೆಕ್ಟ್ರಿಕಲ್ ಪ್ಯಾನೆಲ್‌ನ ಫೋಟೋ ಒಂದೊಂದು ಹಾಕಿ. ಮೆಷಿನ್ ನಡೆಸುವವರು ಯಾರು ಅನ್ನುವುದಕ್ಕೆ ಒಬ್ಬರ ಹೆಸರು ಹೇಳಿ. "ಟ್ರೈನಿಂಗ್ ಕೊಡಿಸ್ತೀವಿ" ಅನ್ನುವುದು ಉತ್ತರ ಅಲ್ಲ.

ದುಡ್ಡು ಬಂದ ಮೇಲೆ ಅಸಲಿ ತಲೆನೋವು. ಖರೀದಿಗೆ ಕೇಂದ್ರದ ಹಣಕಾಸು ನಿಯಮ, ಅಂದರೆ 2017ರ ಜಿಎಫ್‌ಆರ್ ಅನ್ವಯ, ಸರ್ಕಾರಿ ಸಂಸ್ಥೆಯಾದರೆ ಜೆಮ್ ಅನ್ನುವ ಸರ್ಕಾರಿ ಖರೀದಿ ಪೋರ್ಟಲ್ ಕೂಡ ನೋಡಿ. ಒಂದೇ ಕಂಪನಿ ಮಾಡುವ ಮೆಷಿನ್ ಆದರೆ ಅದಕ್ಕೆ ಪ್ರೊಪ್ರೈಟರಿ ಸರ್ಟಿಫಿಕೇಟ್, ಜೊತೆಗೆ ಯಾಕೆ ಅದೇ ಬೇಕು ಅಂತ ಖರೀದಿ ಸಮಿತಿಯ ನಡಾವಳಿ. ಮಂಜೂರಾತಿ ಆದೇಶದಲ್ಲಿ ಉಪಕರಣಕ್ಕೆ ಅಂತ ಇರುವ ದುಡ್ಡಲ್ಲಿ ಕುರ್ಚಿ ತರಬೇಡಿ, ಆಡಿಟ್‌ನವರು ಅದನ್ನೇ ಮೊದಲು ಹಿಡಿಯುವುದು. ಸ್ಟಾಕ್ ರಿಜಿಸ್ಟರಿನಲ್ಲಿ ಪೆಟ್ಟಿಗೆ ಬಂದ ದಿನವೇ ಎಂಟ್ರಿ ಮಾಡಿ. ಬ್ಯಾಂಕಿನಲ್ಲಿ ಬಡ್ಡಿ ಬಂದಿದ್ದರೆ ಅದು ನಿಮ್ಮದಲ್ಲ, ವಾಪಸ್ ಕಟ್ಟಬೇಕು. ಮಾರ್ಚ್ 31 ಆದ ಕೂಡಲೇ ಜಿಎಫ್‌ಆರ್ 12-ಎ ನಮೂನೆಯಲ್ಲಿ ಯುಸಿ, ಅಂದರೆ ದುಡ್ಡು ಬಳಸಿದ ಪ್ರಮಾಣಪತ್ರ, ಬರೆದು ಸಿಎ ಹತ್ತಿರ ಹೋಗಿ. ಏಪ್ರಿಲ್ ಮೊದಲ ವಾರವೇ ಹೋಗಿ. ಆಮೇಲೆ ಅವರಿಗೆ ಊರಿನ ಸೊಸೈಟಿಗಳ ಲೆಕ್ಕವೆಲ್ಲ ಬಂದು ಬೀಳುತ್ತದೆ, ನಿಮ್ಮ ಫೈಲ್ ಅಡಿಗೆ ಹೋಗುತ್ತದೆ, ಯುಸಿ ಹೋಗದೆ ಮುಂದಿನ ಕಂತು ಬರುವುದಿಲ್ಲ.